ಹಳೆಯ ಕ್ಯಾಮರಾಕ್ಕೆ ನ್ಯಾಯವಾದ ಬೆಲೆ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಹಳೆಯ ವಸ್ತುಗಳ ವ್ಯಾಪಾರಕ್ಕೆ ಚೆನ್ನಾಗಿ ಒಪ್ಪುತ್ತದೆ. ಮಾರುವವನು ತಾನು ಹೊಸದಕ್ಕೆ ಕೊಟ್ಟ ಹಣವನ್ನು ನೆನೆಯುತ್ತಾನೆ. ಕೊಳ್ಳುವವನು ಗುಜರಿಯ ಬೆಲೆಯನ್ನು ನೆನೆಯುತ್ತಾನೆ. ಎರಡೂ ವಸ್ತುವಿನ ನಿಜವಾದ ಬೆಲೆಯಲ್ಲ. ನಮ್ಮ ಕಾಲೇಜಿನಲ್ಲಿ ಛಾಯಾಗ್ರಹಣದ ಹವ್ಯಾಸವುಳ್ಳವರು ಅನೇಕರು. ಹೊಸ ಕ್ಯಾಮರಾ ಕೊಳ್ಳುವ ಶಕ್ತಿಯುಳ್ಳವರು ಕೆಲವರೇ. ಆದುದರಿಂದ ಈ ವಿಷಯವನ್ನು ಇಲ್ಲಿ ಪ್ರಸ್ತಾಪಿಸಿದರೆ ತಪ್ಪಾಗಲಾರದು.

ಹೋದ ವರ್ಷ ಶಿವಮೊಗ್ಗದಲ್ಲಿ ಒಬ್ಬರಿಂದ ಹಳೆಯ ನಿಕಾನ್ ಡಿಜಿಟಲ್ ಕ್ಯಾಮರಾ ಒಂದನ್ನು 12,000 ರೂಪಾಯಿಗೆ ಕೊಂಡೆ. ಅದರಲ್ಲಿ ವಿದ್ಯಾರ್ಥಿವೇತನದ ಹಣವೂ ಸೇರಿತ್ತು. "ಮನೆಯಲ್ಲೇ ಇತ್ತು, ಹೆಚ್ಚು ಬಳಸಿಲ್ಲ" ಎಂದರು. ನಂಬಿದೆ. ಚಿತ್ರಗಳೆಲ್ಲ ಮಂಜು ಕವಿದಂತೆ ಬಂದಾಗ ಲೆನ್ಸಿನೊಳಕ್ಕೆ ಟಾರ್ಚು ಬಿಟ್ಟು ನೋಡಿದರೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಮಲೆನಾಡಿನ ಮಳೆಗಾಲದಲ್ಲಿ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿಗೆ ಬರುವ ರೋಗವಿದು. ಗಾಜಿನ ಲೇಪನವನ್ನು ತಿಂದಿತೆಂದರೆ ಒರೆಸಿದರೂ ಕಲೆ ಹೋಗದು. ಅವರ ಮಾತು ಸುಳ್ಳಲ್ಲ. ಬಳಸದೆ ಇಟ್ಟದ್ದರಿಂದಲೇ ಬೂಷ್ಟು ಬಂದಿತ್ತು!

1930ರ ಸರಕು ಮಾರಾಟ ಕಾಯಿದೆ ಸಾಮಾನ್ಯವಾಗಿ ಕೊಳ್ಳುವವನೇ ಎಚ್ಚರವಾಗಿರಬೇಕೆನ್ನುತ್ತದೆ. 1872ರ ಕರಾರು ಕಾಯಿದೆಯ 17ನೆಯ ಕಲಮಿನಂತೆ, ತಿಳಿದ ಸಂಗತಿಯನ್ನು ಬೇಕೆಂದೇ ಮರೆಮಾಚುವುದು ವಂಚನೆ; ಬರಿಯ ಮೌನ ಸಾಮಾನ್ಯವಾಗಿ ವಂಚನೆಯಲ್ಲ. ಆದರೆ ಕಾಯಿದೆ ಕ್ಷಮಿಸುವುದನ್ನೆಲ್ಲ ಮನಸ್ಸಾಕ್ಷಿ ಕ್ಷಮಿಸಬೇಕೆ?

ಈ ಪ್ರಶ್ನೆ ಈ ವರ್ಷ ನನ್ನ ಕೊರಳಿಗೇ ಬಂದಿತು. ಅದೇ ಕ್ಯಾಮರಾವನ್ನು ಮಾರಲು ಹೊರಟಾಗ ಸ್ನೇಹಿತನೊಬ್ಬ, "ಕೇಳಿದರೆ ಹೇಳು, ಕೇಳದಿದ್ದರೆ ಸುಮ್ಮನಿರು" ಎಂದು ಬುದ್ಧಿ ಹೇಳಿದ. ಕೊಳ್ಳುವವನು ಭದ್ರಾವತಿಯ ಪೇಪರ್ ಟೌನಿನ ಹುಡುಗ. ಮದುವೆ ಚಿತ್ರಗಳನ್ನು ತೆಗೆದು ನಾಲ್ಕು ಕಾಸು ಸಂಪಾದಿಸುವ ಆಸೆ ಅವನದು. ತಂದೆ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಕಾಗದದ ಕಾರ್ಖಾನೆಯಲ್ಲಿ ದುಡಿದವರು. ಬಸ್ಸಿನ ದಾರಿಯುದ್ದಕ್ಕೂ ಸ್ನೇಹಿತನ ಮಾತೇ ಸರಿಯೆನಿಸುತ್ತಿತ್ತು. ಆ ಮನೆಯ ಜಗಲಿಯಲ್ಲಿ ಕುಳಿತ ಮೇಲೆ ಹಾಗೆನಿಸಲಿಲ್ಲ. ಟಾರ್ಚನ್ನು ಹುಡುಗನ ಕೈಗೆ ಕೊಟ್ಟು, "ಮೊದಲು ಇದನ್ನು ನೋಡು" ಎಂದೆ. ಕಡೆಗೆ 7,000 ರೂಪಾಯಿಗೆ ಮಾತಾಯಿತು.

ಆಗ ಯಜಮಾನರು ಒಳಗಿನಿಂದ ತಮ್ಮ ಹಳೆಯ ಫಿಲಂ ಕ್ಯಾಮರಾದ ಲೆನ್ಸನ್ನು ತಂದು, "ಗುಜರಿಯವನು ಐನೂರಕ್ಕೆ ಕೇಳ್ತಿದಾನೆ. ಬೇಕಾದ್ರೆ ನೀನೇ ತಗೊಂಡು ಹೋಗಪ್ಪ" ಎಂದರು. ಅದೂ ನಿಕಾನ್. ಆ ಸಂಸ್ಥೆ 1959ರಲ್ಲಿ ತಂದ ಲೆನ್ಸಿನ ಜೋಡಣೆಯನ್ನೇ ಡಿಜಿಟಲ್ ಎಸ್.ಎಲ್.ಆರ್. ಕ್ಯಾಮರಾಗಳಲ್ಲೂ ಉಳಿಸಿಕೊಂಡಿದ್ದರಿಂದ ಇಂಥ ಹಳೆಯ ಲೆನ್ಸುಗಳಲ್ಲಿ ಅನೇಕವು ಇಂದಿಗೂ ಕೂಡುತ್ತವೆ. ಈ ಬಾರಿ ತಿಳಿದವನು ಕೊಳ್ಳುವ ನಾನು, ತಿಳಿಯದವರು ಮಾರುವ ಅವರು. "ಮಾರಬೇಡಿ, ಫೋಕಸನ್ನೂ ಬೆಳಕನ್ನೂ ಕೈಯಿಂದ ಹೊಂದಿಸಬೇಕು ಅಷ್ಟೆ, ನಿಮ್ಮ ಮಗನಿಗೇ ಬರುತ್ತದೆ" ಎಂದು ಹೇಳಿ ಎದ್ದೆ. ಹಿಂದಿರುಗುವಾಗ ಕಳೆದ ಐದು ಸಾವಿರವನ್ನು ನೆನೆದು ಮನಸ್ಸು ಕುಟುಕಲಿಲ್ಲವೆಂದರೆ ಸುಳ್ಳಾದೀತು.

ಹಾಗಾದರೆ ಬೆಲೆ ಕಟ್ಟುವುದು ಹೇಗೆ? ಅದೇ ಮಾದರಿಯ ಹಳೆಯ ಕ್ಯಾಮರಾ ಈಚೆಗೆ ಎಷ್ಟಕ್ಕೆ ಮಾರಾಟವಾಗಿದೆಯೆಂದು ನಾಲ್ಕು ಕಡೆ ವಿಚಾರಿಸಬೇಕು. ಕೇಳುವ ಬೆಲೆಯೇ ಬೇರೆ, ಕೈಗೆ ಬಂದ ಬೆಲೆಯೇ ಬೇರೆ. ಅದರಲ್ಲಿ ರಿಪೇರಿಯ ಖರ್ಚನ್ನು ಕಳೆಯಬೇಕು. ವಯಸ್ಸಿಗಿಂತ ಷಟರಿನ ಎಣಿಕೆಯನ್ನು ನೋಡಬೇಕು. ಸಾಮಾನ್ಯ ದರ್ಜೆಯ ಅನೇಕ ಕ್ಯಾಮರಾಗಳ ಷಟರು ಸುಮಾರು 1,00,000 ಸಲ ತೆರೆಯಲೆಂದು ಮಾಡಿದ್ದು. ಒಂದೊಂದು ಮದುವೆಗೆ ಸಾವಿರಾರು ಚಿತ್ರ ತೆಗೆದ ಎರಡು ವರ್ಷದ ಯಂತ್ರ, ಮನೆಯಲ್ಲಿದ್ದ ಹತ್ತು ವರ್ಷದ ಯಂತ್ರಕ್ಕಿಂತ ಹೆಚ್ಚು ಸವೆದಿರಬಹುದು.

ಇಷ್ಟು ಲೆಕ್ಕ ಯಾರಿಗಾದರೂ ಬರುತ್ತದೆ. ಆದರೆ ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದಿದ್ದರೆ ಎಲ್ಲ ಲೆಕ್ಕವೂ ತಪ್ಪುತ್ತದೆ. ತಿಳಿದವನು ಕೇಳುವ ಮೊದಲೇ ಹೇಳಬೇಕು. ಅವನು ಮಾರುವವನಾಗಲಿ, ಕೊಳ್ಳುವವನಾಗಲಿ. ನಮ್ಮ ಕಾಲೇಜಿನ ಫಲಕದ ಮೇಲೆ ಮಾರಾಟದ ಚೀಟಿ ಅಂಟಿಸುವ ಮಿತ್ರರು ವಸ್ತುವಿನ ದೋಷವನ್ನು ಮೊದಲ ಸಾಲಿನಲ್ಲಿಯೂ ಬೆಲೆಯನ್ನು ಕಡೆಯ ಸಾಲಿನಲ್ಲಿಯೂ ಬರೆಯಲೆಂದು ನನ್ನ ವಿನಂತಿ. ಇಂದು ಮಾರುವವರೇ ನಾಳೆ ಕೊಳ್ಳುವವರಲ್ಲವೆ?