ಪಡಸಾಲೆಯಲ್ಲೊಂದು ಸಮುದ್ರ ಬೇಕೆ?

ಹೋದ ದೀಪಾವಳಿಯ ಪಾಡ್ಯದ ದಿನ ನನ್ನ ತಮ್ಮನ ಮಗ ಒಂದು ಪಟ್ಟಿಯನ್ನು ನನ್ನ ಕೈಗಿತ್ತು, "ಅತ್ತೀ, ಒಮ್ಮೆ ನೋಡ್ರಿ" ಎಂದ. ಬೈಲಹೊಂಗಲದಲ್ಲಿ ಅವರ ಹೊಸ ಮನೆ ಏಳುತ್ತಿದೆ. ವಾಸ್ತುಶಾಂತಿಯ ಸಾಮಾನಿನ ಪಟ್ಟಿ ಇರಬೇಕೆಂದು ಕನ್ನಡಕ ಹಾಕಿಕೊಂಡೆ. ಬೆಲ್ಲ, ಅಕ್ಕಿ, ಅಡಿಕೆ ಒಂದೂ ಇರಲಿಲ್ಲ. ಪ್ರೊಟೀನ್ ಸ್ಕಿಮ್ಮರ್, ರಿಟರ್ನ್ ಪಂಪ್, ವೇವ್‌ಮೇಕರ್, ಚಿಲ್ಲರ್, ಎಲ್‌ಇಡಿ ದೀಪ, ಆರ್‌ಒ ಯಂತ್ರ, ಸಂಪು! ಸಂಪೊಂದೇ ನನಗೆ ಗೊತ್ತಿದ್ದ ಮಾತು. ಅದೂ ನಮ್ಮ ಅಂಗಳದಡಿಯ ಸಂಪಲ್ಲ, ಗಾಜಿನ ತೊಟ್ಟಿಯ ಕೆಳಗೆ ಮರೆಯಾಗಿರುವ ಇನ್ನೊಂದು ತೊಟ್ಟಿಯಂತೆ. ಪಡಸಾಲೆಯಲ್ಲಿ ಆರಡಿ ಉದ್ದ, ಎರಡೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನೊಳಗೆ ಹವಳದ ದಿಬ್ಬ ಬೆಳೆಸುವ ಆಸೆ ಅವನದು.

ಆ ಆಸೆಗೆ ನಾನು ನಗಲಿಲ್ಲ. ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಮುರ್ಡೇಶ್ವರಕ್ಕೆ ಕರೆದೊಯ್ದಾಗ, ಕಡಲ ನೀರನ್ನು ಬೆರಳಲ್ಲಿ ಅದ್ದಿ ನೆಕ್ಕಿ "ಖರೇನ ಉಪ್ಪೈತ್ರಿ ಟೀಚರ್" ಎಂದು ಕೂಗಿದ ನಮ್ಮ ಬಯಲುಸೀಮೆಯ ಮಕ್ಕಳನ್ನು ಕಂಡವಳು ನಾನು. ಸಮುದ್ರ ಯಾರಿಗೆ ಬೇಡ? ಆದರೆ ಆ ಪಟ್ಟಿಯಲ್ಲಿ ಬರೆಯದೆ ಬಿಟ್ಟದ್ದೇ ಹೆಚ್ಚಾಗಿತ್ತು. ನನ್ನ ತಕರಾರು ಅದರ ಬಗ್ಗೆ.

ಒಂದೊಂದು ಯಂತ್ರ ಏಕೆ ಬೇಕೆಂದು ಅವನಿಂದಲೇ ಕೇಳಿ ತಿಳಿದೆ. ತೆರೆ ಮಾಡುವ ಕೆಲಸ ವೇವ್‌ಮೇಕರಿನದು. ಹೊಲಸನ್ನು ನೊರೆಯಾಗಿ ಎತ್ತಿ ಹಾಕುವುದು ಸ್ಕಿಮ್ಮರ್. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಅದು ಅನ್ನ ಮಾಡಿ ಹವಳಕ್ಕೂ ಉಣಿಸುತ್ತದೆ. ಆ ಪಾಚಿಗೆ ಬಿಸಿಲಿನ ಬದಲು ದೀಪ. ನೀರು 24ರಿಂದ 27 ಡಿಗ್ರಿಯೊಳಗೆ ಇರಬೇಕಾದ್ದರಿಂದ ಚಿಲ್ಲರ್. ಸಮುದ್ರ ಪುಕ್ಕಟೆ ಮಾಡುವ ಕೆಲಸಕ್ಕೆಲ್ಲ ಇಲ್ಲಿ ಒಂದೊಂದು ಯಂತ್ರ, ಒಂದೊಂದು ಪ್ಲಗ್ಗು!

ಮೇಜಿನ ಮೇಲೆ ಕಾಗದ ಹಾಕಿ ಇಬ್ಬರೂ ಲೆಕ್ಕಕ್ಕೆ ಕುಳಿತೆವು. ತೊಟ್ಟಿ ಹಿಡಿಯುವ ನೀರು ಸಾವಿರದ ಅರುವತ್ತು ಲೀಟರು. ಲೀಟರಿಗೆ 35 ಗ್ರಾಮಿನಂತೆ 37 ಕಿಲೋ ಉಪ್ಪು, ಅದೂ ಅಡಿಗೆಯ ಉಪ್ಪಲ್ಲ. ನೀರು, ಗಾಜು, ಕಲ್ಲು ಕೂಡಿ ಒಂದು ಟನ್ನಿಗಿಂತ ಎಷ್ಟೋ ಹೆಚ್ಚಿನ ಭಾರ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಜಾತಿಯದು. ನೆಲ ಕೂದಲೆಳೆಯಷ್ಟು ವಾಲಿದರೂ ಗಾಜಿನ ಬೆಸುಗೆಗೆ ಅಪಾಯ.

ಇನ್ನು ನೀರಿನ ಮಾತು. ಹದಿನೈದು ದಿನಕ್ಕೊಮ್ಮೆ ನೂರು ಲೀಟರು ಬದಲಿಸಬೇಕು. ಆವಿಯಾಗಿ ಹೋಗುವುದಕ್ಕೆ ದಿನಕ್ಕೆ ಹತ್ತು ಲೀಟರು ಹಿಡಿದೆವು. ಒಟ್ಟು 250 ಲೀಟರು ಶುದ್ಧ ನೀರು. ಒಂದು ಲೀಟರು ಶುದ್ಧ ಮಾಡಲು ಆರ್‌ಒ ಯಂತ್ರ ಮೂರು ಲೀಟರು ಹೊರಗೆ ಬಿಟ್ಟರೆ, ಹದಿನೈದು ದಿನಕ್ಕೆ ಸಾವಿರ ಲೀಟರು ಬೇಕಾಯಿತು. "ಆ ನೀರಿನ್ಯಾಗ ಅರಿವಿ ಒಗೀಬಹುದಲ್ರಿ ಅತ್ತೀ" ಎಂದ. ಒಗೆಯಬಹುದು ತಮ್ಮಾ, ಆದರೆ ಬಕೇಟು ಎತ್ತಿ ಒಯ್ಯುವವರು ಯಾರು?

ಗೆಳತಿಯರೇ, ನಳ ಬರುವ ಹೊತ್ತಿಗೆ ಏಳುವವರು ನಾವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಮನೆಗಳೊಳಗೆ ನುಗ್ಗಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಎರಡೂ ಕಾಲದಲ್ಲಿ ಕೊಡ ಹಿಡಿದವರು ಹೆಂಗಸರೇ.

ಕರೆಂಟಿನ ಲೆಕ್ಕವೂ ಆಯಿತು. ಪಂಪು, ದೀಪ, ಚಿಲ್ಲರ್ ಸೇರಿ ಬೇಸಿಗೆಯಲ್ಲಿ ದಿನಕ್ಕೆ ಹದಿನೈದು ಯೂನಿಟ್ಟಿನ ಆಸುಪಾಸು, ತಿಂಗಳಿಗೆ 450. ಗೃಹಜ್ಯೋತಿಯ ಮಿತಿಯೇ 200. ಅಷ್ಟೇ ಅಲ್ಲ, ಚಿಲ್ಲರ್ ನೀರನ್ನು ತಂಪು ಮಾಡಿ ಆ ಕಾವನ್ನು ಪಡಸಾಲೆಗೇ ಬಿಡುತ್ತದೆ. ಮೀನಿಗೆ ತಂಪು, ನಮಗೆ ಸೆಕೆ! ಕರೆಂಟು ಹೋದರೆ? ತೆರೆ ನಿಂತ ಕೆಲವೇ ತಾಸಿನಲ್ಲಿ ಜೀವಗಳಿಗೆ ಉಸಿರು ಕಟ್ಟುತ್ತದೆ. ಮನೆಯ ಇನ್ವರ್ಟರು ಸಣ್ಣ ಪಂಪುಗಳನ್ನು ಸ್ವಲ್ಪ ಹೊತ್ತು ನಡೆಸೀತು, ಚಿಲ್ಲರನ್ನು ಎಳೆಯಲಾರದು. ನೀರು ಒಂದೆರಡು ಡಿಗ್ರಿ ಕಾದು ಹಾಗೆಯೇ ಉಳಿದರೆ ಹವಳ ತನ್ನ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ಸಾಕ್ಷಾತ್ ಸಮುದ್ರದಲ್ಲೇ ಹೀಗಾಗುತ್ತಿದೆ. ಜಗತ್ತಿನ ಹವಳಗಳು ನಾಲ್ಕನೆಯ ಸಲ ದೊಡ್ಡ ಪ್ರಮಾಣದಲ್ಲಿ ಬೆಳ್ಳಗಾಗುತ್ತಿವೆ ಎಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಸಾರಿದರು. ಸಮುದ್ರ ತಡೆಯಲಾರದ ಕಾವನ್ನು ಬೈಲಹೊಂಗಲದ ಪಡಸಾಲೆ ತಡೆದೀತೆ?

ಅವನಿರುವುದು ಪುಣೆಯಲ್ಲಿ. ತಿಂಗಳಿಗೆ ಎರಡು ಸಲ ಊರಿಗೆ ಬರುತ್ತಾನೆ. ಉಳಿದ ಇಪ್ಪತ್ತಾರು ದಿನ ಉಪ್ಪಿನಂಶ ಅಳೆಯುವವರು, ನೊರೆಯ ಬಟ್ಟಲು ತೊಳೆಯುವವರು ಯಾರೆಂದು ಪಟ್ಟಿಯಲ್ಲಿರಲಿಲ್ಲ. ಅಲ್ಲಿಯವರೆಗೆ ಸುಮ್ಮನಿದ್ದ ನನ್ನ ತಮ್ಮನ ಹೆಂಡತಿ ಹೋಳಿಗೆ ಲಟ್ಟಿಸುತ್ತಲೇ ಅಂದಳು: "ಮೀನ ನೋಡಾಕ ಚಂದ ಇರತಾವ್ರಿ ಅಕ್ಕಾರ. ಆದ್ರ ನಡುರಾತ್ರಿ ಕರೆಂಟ್ ಹೋದ್ರ ಏಳಾಕಿ ನಾನ ಅಲ್ರಿ?" ಅವಳ ಈ ಒಂದು ಪ್ರಶ್ನೆಯ ಮುಂದೆ ನಮ್ಮ ಲೆಕ್ಕವೆಲ್ಲ ಸಣ್ಣದಾಯಿತು. ಗಾರೆಯವನನ್ನು ಕೇಳಿದ್ದ, ವಯರಿಂಗಿನವನನ್ನು ಕೇಳಿದ್ದ. ತಾಯಿಯನ್ನು ಕೇಳಬೇಕೆಂದು ಅವನಿಗೆ ಹೊಳೆದಿರಲೇ ಇಲ್ಲ.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ, ಹುಲಿಯ ಸಾಲಿಗೇ, ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಲಾಯಿತು. ಮುರ್ಡೇಶ್ವರದ ಎದುರಿನ ನೇತ್ರಾಣಿ ನಡುಗಡ್ಡೆಯ ಸುತ್ತ ನಮ್ಮ ಕರ್ನಾಟಕದ್ದೇ ಹವಳಗಳಿವೆ. ಅವನ್ನು ಕಿತ್ತು ತರುವುದು ಹುಲಿಮರಿಯನ್ನು ಕಟ್ಟಿ ತಂದಂತೆ. ನೋಡಬೇಕೆನಿಸಿದರೆ ಅಲ್ಲಿಗೇ ಹೋಗಿ ನೀರಿಗಿಳಿದು ನೋಡಿಬರಲಿ.

"ಹವ್ಯಾಸಕ್ಕೂ ಲೆಕ್ಕ ಕೇಳತೀರೇನ್ರಿ?" ಎಂದು ಅವನು ಸಿಟ್ಟಾದ. ಕೇಳಬೇಕು. ಒಬ್ಬರ ಹವ್ಯಾಸ ಇನ್ನೊಬ್ಬರ ಚಾಕರಿಯಾಗುವಲ್ಲಿ ಕೇಳಲೇಬೇಕು.

ಸಮುದ್ರ ನಮಗೇನು ಹೊಸದಲ್ಲ. ಸವದತ್ತಿ, ರಾಮದುರ್ಗದ ಗುಡ್ಡಗಳ ಕಲ್ಲು ನೂರು ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಕಡಲಿನಲ್ಲಿ ಕೂತ ಮರಳು. ಭೂವಿಜ್ಞಾನಿಗಳು ಆ ಶಿಲಾಪದರಗಳಿಗೆ ಈ ಎರಡು ಊರುಗಳ ಹೆಸರನ್ನೇ ಇಟ್ಟಿದ್ದಾರೆ. ಆ ಕಲ್ಲುಗಳ ಮೇಲೆ ತೆರೆಯ ಗೆರೆಗಳು ಇಂದಿಗೂ ಸಿಗುತ್ತವೆ. ಮಕ್ಕಳಿಗೆ ಅದನ್ನು ಮುಟ್ಟಿಸಿ ತೋರಿಸಲು ಒಂದು ಪ್ಲಗ್ಗೂ ಬೇಡ.

ಅವನು ಪಟ್ಟಿ ಮಡಿಚಿಟ್ಟುಕೊಂಡು ಪುಣೆಗೆ ಹೋದ. ನನ್ನೊಡನೆ ಇನ್ನೂ ಬಿಚ್ಚುಮನಸ್ಸಿನಿಂದ ಮಾತಾಡಿಲ್ಲ. ಆದರೆ ಮೊನ್ನೆ ತಾಯಿಗೆ ಫೋನು ಮಾಡಿ, "ಅವ್ವಾ, ಹೊಸ ಮನಿಯಾಗ ನಿನಗೇನ ಬೇಕು?" ಎಂದು ಕೇಳಿದನಂತೆ. ಅವಳು ಅಡಿಗೆಮನೆಗೊಂದು ನಳ ಹೆಚ್ಚಿಗೆ ಕೇಳಿದ್ದಾಳೆ.

ನಿಮ್ಮ ಮನೆಗೂ ಇಂಥ ಪಟ್ಟಿ ಬಂದೀತು. ಮೀನಿನದೇ ಆಗಬೇಕೆಂದಿಲ್ಲ. ಬೆಲೆ ಕೇಳುವ ಮೊದಲು ಇದನ್ನು ದಿನಾಲೂ ಮಾಡುವವರ ಹೆಸರು ಎಲ್ಲಿದೆ ಎಂದು ಕೇಳಿ. ಆ ಜಾಗ ಖಾಲಿ ಇದ್ದರೆ, ಅದು ನಿಮ್ಮ ಹೆಸರಿಗಾಗಿಯೇ ಬಿಟ್ಟ ಜಾಗ.