ಹಳೆ ಬೈಕ್‌ಗೆ ಹೊಸ ಫೋರ್ಕ್, ಡಿಸ್ಕ್ ಬ್ರೇಕ್: ಗ್ಯಾರೇಜ್ ಒಪ್ಪುತ್ತದೆ, ಆರ್‌ಟಿಒ ಒಪ್ಪುತ್ತದೆಯೇ?

ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತದ್ದು 1996ರಲ್ಲಿ. ಜಾವಾ, ಯೆಜ್ಡಿ ಬೈಕ್‌ಗಳನ್ನು ಕೊಟ್ಟ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಗೆ ಬೀಗ ಬಿದ್ದದ್ದೂ ಅದೇ ವರ್ಷ. ಈ ಬೈಕ್‌ಗಳು ಇಂದಿಗೂ ರಸ್ತೆಯಲ್ಲಿವೆ. ಇವುಗಳ ಎಂಜಿನ್ ಸದ್ದಿಗೆ ಮನಸೋತವರು ಬೇಕಾದಷ್ಟು ಮಂದಿ. ಮುಂದಿನ ಬ್ರೇಕ್ ಹೊಗಳಿದವರು ಮಾತ್ರ ಕಡಿಮೆ.

ಎರಡರಲ್ಲೂ ಇರುವುದು ಡ್ರಮ್ ಬ್ರೇಕ್. ಆದರೆ 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಹೆಚ್ಚಿನ ಎಲ್ಲ ಹೊಸ ಬೈಕ್‌ಗಳಿಗೆ ಎಬಿಎಸ್ ಕಡ್ಡಾಯ. ಮುಂದೆ ಹೋಗುತ್ತಿರುವ ಹೊಸ ಬೈಕ್ ಗಕ್ಕನೆ ನಿಂತರೆ ಹಿಂದಿನ ಹಳೆ ಬೈಕ್ ಕೂಡ ನಿಲ್ಲಬೇಕಲ್ಲ! ಹಾಗಾಗಿಯೇ ಮುಂಭಾಗವನ್ನು ಪೂರ್ತಿ ಬದಲಿಸುವ ಕೆಲಸಕ್ಕೆ ಗ್ಯಾರೇಜ್‌ಗಳಲ್ಲಿ ಬೇಡಿಕೆ ಇದೆ. ಚೆನ್ನೈನ ಪುದುಪೇಟೆ, ಮುಂಬೈನ ಕುರ್ಲಾ, ದೆಹಲಿಯ ಕರೋಲ್ ಬಾಗ್‌ನಲ್ಲಿ ಹುಡುಕಿದರೆ ಹೊಸ ಬೈಕ್‌ಗಳ ಫೋರ್ಕ್, ಡಿಸ್ಕ್, ಅಲಾಯ್ ವೀಲ್ ಸಿಗುತ್ತವೆ.

ಬರೀ ಡಿಸ್ಕ್ ಹಾಕಿದರೆ ಸಾಲದೇ? ಸಾಲದು. ಡ್ರಮ್ ಬ್ರೇಕ್‌ಗೆಂದು ಮಾಡಿದ ಫೋರ್ಕ್‌ನಲ್ಲಿ ಡಿಸ್ಕ್ ಕ್ಯಾಲಿಪರ್ ಕೂರಿಸಲು ಜಾಗವೇ ಇರುವುದಿಲ್ಲ. ಹಾಗಾಗಿ ಫೋರ್ಕ್, ಚಕ್ರ, ಆಕ್ಸಲ್, ಹ್ಯಾಂಡಲ್ ಮೇಲಿನ ಮಾಸ್ಟರ್ ಸಿಲಿಂಡರ್ ಎಲ್ಲವೂ ಒಟ್ಟಿಗೆ ಬರಬೇಕು. ಎರಡು ಫೋರ್ಕ್ ಕಾಲುಗಳನ್ನು ಹಿಡಿದಿಡುವ 'ಟಿ' ಹಳೆ ಫ್ರೇಮ್‌ಗೆ ಸರಿಹೊಂದುವುದು ಅಪರೂಪ. ಅದರ ನಡುವಿನ ಸ್ಟೆಮ್‌ನ ಉದ್ದ ಬೇರೆ, ಕೋನ್‌ಸೆಟ್‌ನ ಅಳತೆ ಬೇರೆ. ಆಗ ಕೆಲಸ ಲೇತ್ ಅಂಗಡಿಗೆ ಹೋಗುತ್ತದೆ. ಬೈಕ್‌ನ ಇಡೀ ಮುಂಭಾಗ ನಿಂತಿರುವುದು ಈ ಸ್ಟೆಮ್ ಮೇಲೆ. ಅದನ್ನು ಕೊಯ್ದು ವೆಲ್ಡಿಂಗ್ ಮಾಡಿ ಕೊಡುತ್ತೇನೆ ಎನ್ನುವ ಮೆಕ್ಯಾನಿಕ್‌ನಿಂದ ದೂರ ಇರುವುದೇ ಒಳ್ಳೆಯದು.

ಫೋರ್ಕ್ ಕೂತ ಮೇಲೂ ಲೆಕ್ಕ ಮುಗಿಯುವುದಿಲ್ಲ. ಆರ್‌ಎಕ್ಸ್ 100ರ ಚಕ್ರ 18 ಇಂಚು, ಇಂದಿನ ಹೆಚ್ಚಿನ ಬೈಕ್‌ಗಳದ್ದು 17. ಫೋರ್ಕ್ ಗಿಡ್ಡವಾಗಿ ಚಕ್ರವೂ ಚಿಕ್ಕದಾದರೆ ಬೈಕ್‌ನ ಮೂತಿ ಕೆಳಗಿಳಿಯುತ್ತದೆ, ಫೋರ್ಕ್ ಇನ್ನಷ್ಟು ನೆಟ್ಟಗಾಗುತ್ತದೆ. ಪೇಟೆಯೊಳಗೆ ಹ್ಯಾಂಡಲ್ ಹಗುರವಾಗಿದೆ ಎಂದು ಖುಷಿಯಾಗಬಹುದು. ಹೆದ್ದಾರಿಯಲ್ಲಿ ವೇಗ ಏರಿದಂತೆ ಅದೇ ಹ್ಯಾಂಡಲ್ ಚಂಚಲವಾಗುತ್ತದೆ. ಜೋರಾಗಿ ಬ್ರೇಕ್ ಹಿಡಿದಾಗ ಡಿಸ್ಕ್‌ನ ಹೊಡೆತವೆಲ್ಲ ಬೀಳುವುದು ಡ್ರಮ್ ಬ್ರೇಕ್‌ನ ಬಲಕ್ಕೆ ತಕ್ಕಂತೆ ಮಾಡಿದ ಹಳೆ ಫ್ರೇಮ್‌ನ ಕುತ್ತಿಗೆಗೆ. ಸ್ಪೀಡೋಮೀಟರ್ ಕೂಡ ತಪ್ಪು ತೋರಿಸಬಹುದು. ಬುಲೆಟ್ ಸವಾರರಿಗೆ ಈ ತಲೆನೋವು ಕೊಂಚ ಕಡಿಮೆ. ಅದೇ ಕಂಪನಿ ಡಿಸ್ಕ್ ಇರುವ ಬುಲೆಟ್‌ಗಳನ್ನೂ ಮಾರಿರುವುದರಿಂದ ಹೊಂದುವ ಬಿಡಿಭಾಗ ಹುಡುಕುವುದು ಸುಲಭ.

ಇನ್ನು ಕಾನೂನಿನ ಮಾತು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನ ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ, ಅನುಮತಿಯಿಲ್ಲದೆ ವಾಹನ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಫೋರ್ಕ್ ಒಂದು, ಚಕ್ರ ಇನ್ನೊಂದು ಎಂದು ಎಣಿಸಿದರೆ ದಂಡ ಎಷ್ಟಾದೀತು ಎಂಬುದನ್ನು ಸವಾರನೇ ಊಹಿಸಿಕೊಳ್ಳಬೇಕು.

ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ರಚನೆ ಬದಲಿಸುವುದನ್ನು ಮಾತ್ರ 'ಬದಲಾವಣೆ' ಎಂದು ಇದೇ ಸೆಕ್ಷನ್‌ನ ವಿವರಣೆ ಹೇಳುತ್ತದೆ. ಬ್ರೇಕ್ ಉತ್ತಮಪಡಿಸುವುದು ಮೂಲ ಲಕ್ಷಣದ ಬದಲಾವಣೆಯೇ? ವಾದ ಮಾಡಲು ಜಾಗವಿದೆ. ಆದರೆ ರಸ್ತೆ ಬದಿಯಲ್ಲಿ ಗಾಡಿ ತಡೆದ ಪೊಲೀಸರ ಮುಂದೆ ಈ ವಾದ ಎಷ್ಟು ಹೊತ್ತು ನಿಂತೀತು? ಶೋಕಿಗಾಗಿ ಕಿವಿ ತೂತಾಗುವಂಥ ಸೈಲೆನ್ಸರ್ ಹಾಕಿಸಿದವನೂ, ಜೀವ ಉಳಿಯಲಿ ಎಂದು ಡಿಸ್ಕ್ ಹಾಕಿಸಿದವನೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ದಾರಿ ಇಲ್ಲವೆಂದಲ್ಲ. ವಾಹನ ಬದಲಾವಣೆಗೆ ಮಾನದಂಡ, ಅನುಮೋದನೆಯ ಷರತ್ತುಗಳನ್ನು ಕೇಂದ್ರ ಸರ್ಕಾರ ರೂಪಿಸಬೇಕು ಎಂಬ ಮಾತನ್ನು 2019ರ ತಿದ್ದುಪಡಿಯೇ 52ನೇ ಸೆಕ್ಷನ್‌ಗೆ ಸೇರಿಸಿದೆ. ಸಿಎನ್‌ಜಿ, ಎಲೆಕ್ಟ್ರಿಕ್ ಕಿಟ್‌ಗಳು ಪರೀಕ್ಷೆ ಪಾಸಾಗಿ, ಅನುಮೋದನೆ ಪಡೆದು ಬರುತ್ತವೆ. ಇಂಧನಕ್ಕೆ ಇರುವ ಈ ವ್ಯವಸ್ಥೆ ಹಳೆ ಬೈಕ್‌ನ ಬ್ರೇಕ್‌ಗೂ ಯಾಕಿರಬಾರದು? ನಿಯಮ ಕಟ್ಟುನಿಟ್ಟಾಗಿದ್ದರೂ ಪರವಾಗಿಲ್ಲ, ಲೇತ್ ಅಂಗಡಿಯ ಅಂದಾಜಿಗಿಂತ ಮೇಲು.

ಪರವೂರಿನಲ್ಲಿರುವ ಕನ್ನಡಿಗರಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಅಪ್ಪನ ಕೆಎ ನಂಬರಿನ ಬೈಕ್ ಅನ್ನು ಪುಣೆಗೋ ಹೈದರಾಬಾದ್‌ಗೋ ತಂದು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಊರಿನ ಆರ್‌ಟಿಒದಿಂದ ಎನ್‌ಒಸಿ ತಂದು ಅಲ್ಲಿನ ನಂಬರ್ ಪಡೆಯಬೇಕು. 15 ವರ್ಷ ದಾಟಿದ ಬೈಕ್‌ನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಬೈಕ್ 20 ವರ್ಷ ದಾಟಿದ್ದರೆ ಅದರ ಶುಲ್ಕ 2025ರ ಆಗಸ್ಟ್‌ನಿಂದ 2,000 ರೂಪಾಯಿ. ಬದಲಾದ ಫೋರ್ಕ್ ಇನ್‌ಸ್ಪೆಕ್ಟರ್ ಕಣ್ಣಿಗೆ ಬೀಳುವುದು ಇಂಥ ಹೊತ್ತಿನಲ್ಲೇ. ದೆಹಲಿಯ ಕಥೆಯೇ ಬೇರೆ. 15 ವರ್ಷ ದಾಟಿದ ಪೆಟ್ರೋಲ್ ಬೈಕ್ ರಸ್ತೆಗಿಳಿಯಬಹುದೇ ಎಂಬುದೇ ಅಲ್ಲಿ ಮೊದಲ ಪ್ರಶ್ನೆ. ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ನಂತರ ಕ್ಲೇಮ್‌ಗೂ ತಕರಾರು ಬರಬಹುದು.

ಹಾಗಾದರೆ ಸದ್ಯಕ್ಕೆ ಏನು ಮಾಡಬಹುದು? ಹಳೆ ಡ್ರಮ್ ಅಂಡಾಕಾರವಾಗಿದ್ದರೆ ಲೇತ್‌ನಲ್ಲಿ ಸರಿ ಮಾಡಿಸಿ, ಹೊಸ ಬ್ರೇಕ್ ಶೂ, ಹೊಸ ಕೇಬಲ್, ಒಳ್ಳೆಯ ಟೈರ್ ಹಾಕಿಸಿದರೆ ಅರ್ಧ ದೂರು ಅಲ್ಲೇ ತೀರುತ್ತದೆ. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಇಷ್ಟಾದರೂ ಡಿಸ್ಕ್ ಬೇಕೇ ಬೇಕು ಎನ್ನುವವರು ಕೈ ಹಾಕುವ ಮೊದಲೇ ಆರ್‌ಟಿಒದಲ್ಲಿ ಲಿಖಿತವಾಗಿ ವಿಚಾರಿಸುವುದು ಕ್ಷೇಮ. ಬಿಚ್ಚಿದ ಹಳೆ ಫೋರ್ಕ್ ಮತ್ತು ಚಕ್ರವನ್ನು ಗುಜರಿಗೆ ಹಾಕದೆ ಅಟ್ಟದ ಮೇಲಿಡಬೇಕು. 2021ರ ಜುಲೈನ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಎಪ್ಪತ್ತರ ದಶಕದ ಮೈಸೂರು ಜಾವಾಗಳು ಒಂದೊಂದಾಗಿ ಆ ವಯಸ್ಸು ಮುಟ್ಟುತ್ತಿವೆ.