ಹೊರಗೆ ರಿಪೇರಿ, ಒಳಗೆ ಬಿರುಕು

ಮಳೆ ನಿಂತಿತೆಂದರೆ ಬೀದಿ ಬೀದಿಯಲ್ಲೂ ಸಾರವೆ ಕಟ್ಟುವ ಕಾಲ. ಹೊರಗೋಡೆಯ ಹಳೆಯ ಗಾರೆ ಕೆತ್ತಿಸಿ, ಹೊಸದಾಗಿ ಸಿಮೆಂಟು ಬಳಿಸಿ ಬಣ್ಣ ಹೊಡೆಸಬೇಕೆಂದು ನಿಮ್ಮ ಮನೆಯಲ್ಲೂ ಮಾತುಕತೆ ನಡೆದಿರಬಹುದು. “ಹೊರಗಡೆ ಕೆಲಸ ತಾನೇ, ಒಳಗೆ ನಿಮಗೇನೂ ತೊಂದರೆ ಇಲ್ಲ ಅಮ್ಮಾ” ಎಂದು ಮೇಸ್ತ್ರಿ ಹೇಳಿಯೇ ಹೇಳುತ್ತಾನೆ. ನಂಬಬೇಡಿ. ಗೋಡೆಗೆ ಮೈ ಎರಡಾದರೂ ನಡುವಿನ ಇಟ್ಟಿಗೆ ಒಂದೇ. 9 ಅಂಗುಲದ ಗೋಡೆಗೆ ಆಚೆಯಿಂದ ಉಳಿ ಸುತ್ತಿಗೆಯ ಪೆಟ್ಟು ಬಿದ್ದರೆ ಈಚೆ ಬದಿಯ ಗಾರೆ ಇಟ್ಟಿಗೆಯನ್ನು ಬಿಟ್ಟುಕೊಳ್ಳಬಹುದು. ಅಂದೇ ಉದುರದಿದ್ದರೂ, ಮುಂದೆಂದೋ ಕ್ಯಾಲೆಂಡರಿಗೆ ಮೊಳೆ ಹೊಡೆದ ದಿನ ಅಂಗೈ ಅಗಲದ ಚಕ್ಕೆ ಕೆಳಗೆ!

ಆದ್ದರಿಂದ ಕೆಲಸ ಶುರುವಾಗುವ ಮುನ್ನ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಗೋಡೆಯ ಒಳಮೈಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಗಟ್ಟಿಯಿದ್ದರೆ ಟಕ್ ಟಕ್, ಟೊಳ್ಳಾಗಿದ್ದರೆ ಡಬ ಡಬ. ಟೊಳ್ಳಾದ ಕಡೆ ಪೆನ್ಸಿಲಿನಿಂದ ಸುತ್ತು ಹಾಕಿ. ಹಳೆಯ ಬಿರುಕುಗಳ ತುದಿಗೆ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಮೊಬೈಲಿನಲ್ಲಿ ಫೋಟೊ ತೆಗೆದು ಮೇಸ್ತ್ರಿಗೂ ತೋರಿಸಿ. ಇಲ್ಲದಿದ್ದರೆ ಆಮೇಲೆ “ಇದು ಮೊದಲೇ ಇತ್ತು”, “ಇರಲಿಲ್ಲ” ಎಂಬ ಜಗಳ ತಪ್ಪಿದ್ದಲ್ಲ. ಒಳಗೆ ಕೆಟ್ಟರೆ ದುರಸ್ತಿ ಯಾರ ಲೆಕ್ಕ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ. ಗಂಡಸರ ವ್ಯವಹಾರ, ನಮಗ್ಯಾಕೆ ಅಂತ ಸುಮ್ಮನಿರಬೇಡಿ. ಉದುರಿದ್ದನ್ನು ಗುಡಿಸುವವರು ಯಾರು ಹೇಳಿ?

ಕೆತ್ತುವ ದಿನ ಆ ಗೋಡೆಯ ಗಡಿಯಾರ, ದೇವರ ಪಟಗಳು ಕೆಳಗಿಳಿದಿರಲಿ. ಬೀರುವನ್ನು ಒಂದು ಗೇಣು ಈಚೆ ಎಳೆದು ಹಳೆಯ ಸೀರೆ ಹೊದಿಸಿ.

ಪೆಟ್ಟಿನದು ಒಂದು ಪಾಲಾದರೆ ನೀರಿನದು ಮೂರು ಪಾಲು. ಹೊಸ ಸಿಮೆಂಟಿಗೆ ವಾರವಿಡೀ ನೀರುಣಿಸಲೇಬೇಕು. ಅದರಲ್ಲಿ ಗೋಡೆಯೂ ತನ್ನ ಪಾಲು ಕುಡಿಯುತ್ತದೆ. ಸಾರವೆಯ ಬೊಂಬು ಸಿಕ್ಕಿಸಲು ಕೊರೆದ ತೂತುಗಳನ್ನು ಮೇಲೆ ಮಾತ್ರ ಮೆತ್ತಿ ಹೋದರಂತೂ ಮುಂದಿನ ಮಳೆಗಾಲಕ್ಕೆ ಒಳಗೆ ದುಂಡನೆಯ ಒದ್ದೆ ಕಲೆ ಸಿದ್ಧ. ಪ್ರತಿಯೊಂದು ತೂತನ್ನೂ ಇಟ್ಟಿಗೆ ಚೂರು, ಗಾರೆ ತುಂಬಿಸಿ ಆಳದವರೆಗೆ ಮುಚ್ಚಿಸಿ.

ಅಜ್ಜನ ಕಾಲದ ಸುಣ್ಣದ ಗಾರೆಯ ಮನೆಯಾದರೆ ಇನ್ನೂ ಎಚ್ಚರ ಬೇಕು. ಸುಣ್ಣದ ಗೋಡೆ ನೆಲದಿಂದ ಹೀರಿದ ತೇವವನ್ನು ಗಾಳಿಗೆ ಬಿಟ್ಟುಕೊಡುತ್ತಾ ಬದುಕಿರುತ್ತದೆ. ಹೊರಗೆ ಸಿಮೆಂಟು ಮೆತ್ತಿ, ಮೇಲೆ ನೀರು ತಡೆಯುವ ಬಣ್ಣ ಬಳಿದರೆ ಆ ದಾರಿ ಮುಚ್ಚಿತು. ತೇವ ಹಾಲಿನ ಕಡೆಗೆ ತಿರುಗುತ್ತದೆ. ಬಣ್ಣ ಗುಳ್ಳೆ ಏಳುತ್ತದೆ, ಬಿಳಿಯ ಉಪ್ಪು ಅರಳುತ್ತದೆ, ಗೋಡೆಗೆ ಒತ್ತಿಟ್ಟ ಬೀರುವಿನಲ್ಲಿ ರೇಷ್ಮೆ ಸೀರೆಗೆ ಬೂಷ್ಟು! ಸುಣ್ಣದ ಗೋಡೆಗೆ ಸುಣ್ಣದ ಗಾರೆಯನ್ನೇ ಹಾಕಿಸಿ. ಬಲ್ಲ ಕೆಲಸಗಾರನನ್ನು ಹುಡುಕುವುದು ಕಷ್ಟವಾದರೂ ಚಿಂತೆಯಿಲ್ಲ. ಮನೆಯ ಸುತ್ತ ಕಾಂಕ್ರೀಟು ಹಾಕಿಸುವುದಿದ್ದರೆ ಅದು ಒಳನೆಲಕ್ಕಿಂತ ಸಾಕಷ್ಟು ಕೆಳಗಿದ್ದು ಹೊರಕ್ಕೆ ವಾಟವಿರಲಿ.

ತೇವ ಗೋಡೆಯದೋ, ಅಡಿಗೆಮನೆಯ ಹಬೆಯದೋ ಎಂಬ ಅನುಮಾನವಿದ್ದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ. ಎರಡು ದಿನದ ನಂತರ ಹಾಳೆಯ ಹಿಂದೆ ಹನಿ ಕಟ್ಟಿದ್ದರೆ ಗೋಡೆಯದು, ಮುಂದೆ ಕಟ್ಟಿದ್ದರೆ ಕೋಣೆಯದು. ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕರಗಿ ಮತ್ತೆ ಗೋಡೆಗೇ ಇಳಿಯುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ ಮೊರಕ್ಕೆ ತುಂಬಿ. ಹಬ್ಬ ಬಂತೆಂದು ಅವಸರದಲ್ಲಿ ಬಣ್ಣ ಹೊಡೆಸಿದರೆ ದುಡ್ಡು ದಂಡ. ಚೆನ್ನಾಗಿ ನೆನೆದ ಗೋಡೆ ಪೂರ್ತಿ ಒಣಗಲು ತಿಂಗಳುಗಳೇ ಬೇಕು.

ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟದ್ದಾದರೆ ಅದರ ಮೇಲೆ ತೆಳ್ಳನೆಯ ಕಾಗದದ ಪಟ್ಟಿ ಅಂಟಿಸಿಡಿ. ಪಟ್ಟಿ ಹರಿದರೆ, ಅಥವಾ ಬಿರುಕು 5 ಮಿಲಿಮೀಟರಿಗಿಂತ ಅಗಲವಾದರೆ, ಮೇಸ್ತ್ರಿಯ ಮಾತು ಸಾಲದು. ಕೆಲಸ ನಿಲ್ಲಿಸಿ ಇಂಜಿನಿಯರನ್ನು ಕರೆಸಿ. ಅವರು ಬಂದು ನೋಡುವವರೆಗೆ ಮಕ್ಕಳ ಹಾಸಿಗೆಯನ್ನು ಆ ಗೋಡೆಯ ಪಕ್ಕ ಹಾಸಬೇಡಿ.